ಬಲಗಡೆಯ ಆಕಾಶ

ಬೆಣ್ಣೆಕೈಗೆ ಆ ದಿನಗಳಲ್ಲಿ ಕೂತಲ್ಲಿ ಕೂರಲು, ನಿಂತಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ಗಿರಾಕಿ ಎದ್ದು ಹೋದ ಕೂಡಲೇ ಸಲೂನಿನ ನೆಲ ಗುಡಿಸುತ್ತಿದ್ದ. ಗುಡಿಸಿದ ನೆಲವನ್ನೇ ಮತ್ತೆ ಗುಡಿಸುತ್ತಿದ್ದ. ಬಾಚಣಿಗೆಗಳನ್ನು ಉದ್ದದಿಂದ ಗಿಡ್ಡಕ್ಕೆ ಜೋಡಿಸಿ, ಅದು ಮನಸ್ಸಿಗೆ ಬಾರದೆ ಗಿಡ್ಡದಿಂದ ಉದ್ದಕ್ಕೆ ಜೋಡಿಸುತ್ತಿದ್ದ. ಒಳಗಿನ ಕುರ್ಚಿಯ ಹಿಂದೆ ಕತ್ತರಿ ಆಡಿಸುತ್ತಿದ್ದ ಹೆಂಡತಿ, "ಏನ್ರೀ ಇದು, ಕಾಲು ಸುಟ್ಟ ಬೆಕ್ಕಿನ ಥರ! ಒಂದು ಕಡೆ ಕೂತ್ಕೊಳ್ಳಿ, ನೋಡೋರಿಗೆ ತಲೆ ತಿರುಗುತ್ತೆ," ಎಂದು ಗದರಿದರೆ ಕೂರುತ್ತಿದ್ದ. ಕೂತವನು ಕೈಯಲ್ಲಿದ್ದ ಚಹಾ ಆರುವ ಮೊದಲೇ ಮತ್ತೆ ಎದ್ದಿರುತ್ತಿದ್ದ.

ಬೆಣ್ಣೆಕೈ ಎನ್ನುವುದು ಗಿರಾಕಿಗಳು ಇಟ್ಟ ಹೆಸರು. ಅವನ ಕತ್ತಿ ಕೆನ್ನೆಯ ಮೇಲೆ ಓಡಿದ್ದೇ ತಿಳಿಯುತ್ತಿರಲಿಲ್ಲ. ಎಷ್ಟೋ ಜನ ಗಡ್ಡ ಮುಗಿಯುವುದರೊಳಗೆ ಗೊರಕೆ ಹೊಡೆಯುತ್ತಿದ್ದರು. ಸಲೂನು ಮಾವನವರದು, ಅಂದರೆ ಹೆಂಡತಿಯ ಅಪ್ಪನದು. ಮೊಣಕಾಲು ಕೈಕೊಟ್ಟ ಮೇಲೆ ಅವರು ಬಾಗಿಲ ಹತ್ತಿರದ ದೊಡ್ಡ ಕುರ್ಚಿಯನ್ನೂ ಗಡ್ಡದ ಕತ್ತಿಯನ್ನೂ ಅಳಿಯನಿಗೆ ವಹಿಸಿದ್ದರು. "ಇವನ ಕೈ ನೋಡಿ ಮಗಳನ್ನ ಕೊಟ್ಟೆ. ಮುಖ ನೋಡಿದ್ರೆ ಕೊಡ್ತಾ ಇರ್ಲಿಲ್ಲ," ಎಂದು ಈಗಲೂ ಎಲ್ಲರೆದುರು ಹೇಳುತ್ತಿದ್ದರು. ಮಗಳಿಗೆ ಕತ್ತಿ ಹಿಡಿಯಲು ಬರುತ್ತಿರಲಿಲ್ಲವೆಂದಲ್ಲ. ಅಪ್ಪನ ಪಕ್ಕದಲ್ಲಿ ನಿಂತು ಎಲ್ಲವನ್ನೂ ಕಲಿತವಳು. ಆದರೆ ಬೆಣ್ಣೆಕೈ ಇರುವಾಗ ಗಡ್ಡಕ್ಕೆ ಇನ್ನೊಬ್ಬರ ಹತ್ತಿರ ಹೋಗುವವರು ಯಾರು?

ಆ ಬೆಣ್ಣೆಕೈಯ ಕಣ್ಣು ಹೋಗುತ್ತಿತ್ತು.

ಎದುರಿಗಿನದಲ್ಲ. ಎದುರಿಗೆ ಹಿಡಿದರೆ ಒಂದು ಕೂದಲನ್ನು ಅವನು ಈಗಲೂ ಸೀಳಿ ಎರಡು ಮಾಡಿಯಾನು. ಹೋಗುತ್ತಿದ್ದದ್ದು ಬಲಗಡೆಯ ನೋಟ. ಬಲಗಡೆಯಿಂದ ಬಂದ ಮನುಷ್ಯ ಮೂಗಿನೆದುರು ಬಂದು ನಿಲ್ಲುವವರೆಗೂ ಈ ಭೂಮಿಯ ಮೇಲೇ ಇರುತ್ತಿರಲಿಲ್ಲ. ಅಲ್ಲಿ ಕತ್ತಲೆಯಿದ್ದಿದ್ದರೆ ಎಂದೋ ಗೊತ್ತಾಗುತ್ತಿತ್ತು. ಅಲ್ಲಿ ಕತ್ತಲೆಯೂ ಇರಲಿಲ್ಲ, ಏನೂ ಇರಲಿಲ್ಲ.

ಗೊತ್ತಾದದ್ದು ಒಬ್ಬ ದರ್ಜಿಯ ಹೆಬ್ಬೆರಳಿನಿಂದ. ಗಡ್ಡಕ್ಕೆ ಕೂತಿದ್ದ ದರ್ಜಿ ಮೂಗು ತುರಿಸಿಕೊಳ್ಳಲೆಂದು ಹೊದಿಸಿದ ಬಟ್ಟೆಯ ಕೆಳಗಿನಿಂದ ಕೈ ಎತ್ತಿದ. ಬೆಣ್ಣೆಕೈಗೆ ಆ ಕೈ ಕಾಣಲೇ ಇಲ್ಲ. ಬಿಳಿ ನೊರೆಯ ಮೇಲೆ ಕೆಂಪು ಹನಿ ಬಿದ್ದಾಗಲೇ ಕಂಡದ್ದು. "ಯಾಕೆ ಅಲ್ಲಾಡಿದ್ರಿ?" ಎಂದು ಇವನೇ ಜೋರು ಮಾಡಿದ. ದರ್ಜಿ ಪಾಪ, "ನಂದೇ ತಪ್ಪು ಬಿಡಿ," ಎಂದು ಬೆರಳು ಚೀಪಿಕೊಂಡು ಹೋದ. ಅವನೇನಾದರೂ ಎರಡು ಮಾತು ಬೈದಿದ್ದರೆ ಬೆಣ್ಣೆಕೈಗೆ ಆ ರಾತ್ರಿ ನಿದ್ದೆಯಾದರೂ ಬರುತ್ತಿತ್ತೇನೋ.

ಹೆಂಡತಿಗೆ ಹೇಳದೆ ಕಣ್ಣಿನ ಡಾಕ್ಟರ ಹತ್ತಿರ ಹೋದ. ಅಲ್ಲಿ ಒಂದು ಬಿಳಿ ಬಟ್ಟಲಿನಂಥ ಯಂತ್ರದೊಳಗೆ ಗಲ್ಲ ಊರಿಸಿ, ಚುಕ್ಕಿ ಮಿನುಗಿದಾಗಲೆಲ್ಲ ಗುಂಡಿ ಒತ್ತು ಎಂದರು. ಒತ್ತಿದ. ಬಲಗಡೆಯ ಚುಕ್ಕಿಗಳಿಗೆ ಒತ್ತಲಿಲ್ಲ, ಏಕೆಂದರೆ ಅವನ ಪಾಲಿಗೆ ಅಲ್ಲಿ ಚುಕ್ಕಿಗಳೇ ಇರಲಿಲ್ಲ. ಕಣ್ಣಿನ ಒಳಗಿನ ಒತ್ತಡ ನರವನ್ನು ತಿನ್ನುತ್ತಿದೆ ಎಂದರು ಡಾಕ್ಟರು. "ಹೋಗಿರೋದು ವಾಪಸ್ ಬರಲ್ಲ. ಇರೋದನ್ನ ಉಳಿಸ್ಕೋಬಹುದು. ದಿನಾ ಈ ಹನಿ ಬಿಡ್ಕೊಳ್ಳಿ. ಗಾಡಿ ಓಡಿಸ್ಬೇಡಿ. ಅಂದ ಹಾಗೆ, ಏನು ಕೆಲಸ ನಿಮ್ಮದು?"

"ಅಂಗಡಿ ಇಟ್ಕೊಂಡಿದೀನಿ," ಎಂದ ಬೆಣ್ಣೆಕೈ. ಸುಳ್ಳೇನಲ್ಲವಲ್ಲ.

ಹನಿಯ ಸೀಸೆಯನ್ನು ಮುಖಕ್ಕೆ ಹಚ್ಚುವ ಲೋಷನ್ನುಗಳ ಹಿಂದೆ ಬಚ್ಚಿಟ್ಟು ತಪ್ಪದೆ ಬಿಟ್ಟುಕೊಂಡ. ಆದರೆ ಯಂತ್ರವನ್ನು ನಂಬಲಿಲ್ಲ. ಮಂಕು ಚುಕ್ಕಿಗಳು, ಅರ್ಧ ನಿದ್ದೆಯಲ್ಲಿದ್ದೆ, ಬಟ್ಟಲೇ ಸರಿಯಿರಲಿಲ್ಲ ಎಂದು ತನಗೆ ತಾನೇ ವಕೀಲನಾಗಿ ವಾದ ಮಾಡಿದ. ನಂಬಿದರೆ ಕತ್ತಿ ಕೆಳಗಿಡಬೇಕು. ಕತ್ತಿ ಕೆಳಗಿಟ್ಟರೆ ಆ ದೊಡ್ಡ ಕುರ್ಚಿಯ ಹಿಂದೆ ನಿಲ್ಲಲು ತಾನು ಯಾರು? ಹೀಗೆ ಯೋಚನೆ ಅಲ್ಲಿಗೆ ಬಂದು ಮುಟ್ಟಿದಾಗಲೆಲ್ಲ ಪೊರಕೆ ಹಿಡಿದು ಎದ್ದುಬಿಡುತ್ತಿದ್ದ.

ವಿಮಾನದ ಹುಚ್ಚು ತಲೆಗೇರಿದ್ದು ಆಗಲೇ. ಪಕ್ಕದ ಅಂಗಡಿಯ ಮೊಬೈಲ್ ರಿಪೇರಿಯವನು ರಜೆಯ ದಿನ ರಿಮೋಟಿನ ವಿಮಾನ ಹಾರಿಸುತ್ತಿದ್ದ. ಒಂದು ದಿನ ಗಡ್ಡಕ್ಕೆ ಕೂತವನು, "ಹಾರಿಸೋದು ಕೈಯಲ್ಲಿ ಅಂತ ಎಲ್ರೂ ಅನ್ಕೋತಾರೆ, ಅಣ್ಣ. ಕಣ್ಣಲ್ಲಿ ಹಾರಿಸೋದು. ಒಂದ್ಸಲ ಕಣ್ಣು ತಪ್ಪಿತೋ, ವಿಮಾನ ಹೋಯ್ತು ಅಂತ್ಲೇ ಲೆಕ್ಕ," ಎಂದ. ಬೆಣ್ಣೆಕೈಯ ಕತ್ತಿ ಗಲ್ಲದ ಮೇಲೇ ನಿಂತಿತು. ತಾನೇ ಒಂದು ವಿಮಾನ ಮಾಡಬೇಕು, ತಾನೇ ಹಾರಿಸಬೇಕು. ಬಯಲಿನ ಆ ತುದಿಯಿಂದ ಈ ತುದಿಯವರೆಗೆ ಅದು ಕಣ್ಣು ತಪ್ಪದಿದ್ದರೆ ಡಾಕ್ಟರ ಬಟ್ಟಲು ಸುಳ್ಳು. ಯಾರಿಗೂ ಏನೂ ಹೇಳಬೇಕಾಗಿಲ್ಲ. ತಪ್ಪಿದರೆ? ಆ ಕಡೆ ಅವನು ಯೋಚನೆಯನ್ನೇ ಹೋಗಗೊಡಲಿಲ್ಲ. ಇಷ್ಟು ದೊಡ್ಡ ಗಂಡಸು ತನ್ನ ಇಡೀ ಬಾಳನ್ನು ಒಂದು ಆಟದ ಸಾಮಾನಿಗೆ ಕಟ್ಟಿಹಾಕಿದ ಎಂದರೆ ನಗು ಬರುತ್ತದೆ. ಹೆದರಿಕೆ ಹೊಕ್ಕ ತಲೆಯಲ್ಲಿ ಬುದ್ಧಿ ಎಷ್ಟು ಹೊತ್ತು ನಿಂತೀತು!

ಕೆಲಸ ಶುರುವಾಯಿತು. ಮೊಬೈಲಿನವನು ತನ್ನ ಹಳೆಯ ರಿಮೋಟು, ಒಂದು ಮೋಟಾರು, ಬ್ಯಾಟರಿ ಕೊಟ್ಟ. ರೆಕ್ಕೆಗೆ ಥರ್ಮಾಕೋಲಿಗಿಂತ ಗಟ್ಟಿಯಾದ ಫೋಮ್ ಹಾಳೆ. ಬೇರೆಯವರು ಕೊಯ್ದರೆ ಪುಡಿಪುಡಿಯಾಗುವ ಹಾಳೆ ಗಡ್ಡದ ಕತ್ತಿಗೆ ಗಿಣ್ಣಿನಂತೆ ಕೊಯ್ದು ಬಂತು. ಪುಡಿ ಝಾಡಿಸಲು ಕುತ್ತಿಗೆಯ ಬ್ರಶ್ಶೇ ಆಯಿತು. ರೆಕ್ಕೆಯ ಮೇಲೆ ತೆಳ್ಳಗಿನ ಬಣ್ಣದ ಪ್ಲಾಸ್ಟಿಕ್ ಹೊದಿಸಿ ಬಿಸಿಗಾಳಿ ಹಿಡಿದರೆ ಅದು ಸುಕ್ಕು ಬಿಟ್ಟು ಬಿಗಿಯುತ್ತದೆ. ಕೂದಲೊಣಗಿಸುವ ಡ್ರೈಯರ್ ಅದಕ್ಕೆ ಹೇಳಿ ಮಾಡಿಸಿದಂತಿತ್ತು.

"ಗಿರಾಕಿ ತಲೆಯಿಂದ ನೀರು ಸುರೀತಿದೆ, ಡ್ರೈಯರ್ ಕೊಡ್ರೀ! ನಿಮ್ಮ ರೆಕ್ಕೆಗೇನು ನೆಗಡಿಯಾಗುತ್ತಾ?" ಎಂದು ಹೆಂಡತಿ ಕೂಗುತ್ತಿದ್ದಳು. ಮಾವನವರು ಬೆಂಚಿನ ಮೇಲೆ ಕೂತು, "ಮೊದಲು ಮನುಷ್ಯರ ಗಡ್ಡ ಮುಗಿಸಪ್ಪ, ಆಮೇಲೆ ಹಕ್ಕಿಗಳದು ನೋಡೋಣ," ಎನ್ನುತ್ತಿದ್ದರು. ರೆಕ್ಕೆಯ ಮೇಲ್ಭಾಗ ಕಣ್ಣು ಕುಕ್ಕುವ ಕಿತ್ತಳೆ, ಕೆಳಭಾಗ ಕಡುಗಪ್ಪು. "ಸ್ವಲ್ಪ ಒಳ್ಳೆ ಬಣ್ಣ ಸಿಗಲಿಲ್ವಾ? ದೂರದಿಂದ್ಲೇ ಕಿರುಚುತ್ತೆ ಇದು," ಎಂದಳು. ಕಿರುಚಲಿ ಎಂದೇ ಹಾಕಿದ್ದು ಎಂದು ಅವನು ಹೇಳುವಂತಿರಲಿಲ್ಲ. "ಅದೇ ಅಗ್ಗ ಇತ್ತು," ಎಂದ.

ರೆಕ್ಕೆಯ ಕೆಳಗೆ ಎರಡು ಬೆರಳಿಟ್ಟು ಎತ್ತಿ ತೂಕ ನೋಡಿದಾಗ ವಿಮಾನ ಬಾಲದ ಕಡೆಗೆ ಕೂತುಬಿಟ್ಟಿತು. ಮುರಿದ ಕತ್ತರಿಯ ಹಿಡಿಯೊಂದನ್ನು ಮೂತಿಯೊಳಗೆ ಅಂಟಿಸಿದ ಮೇಲೆ ಬೆರಳುಗಳ ಮೇಲೆ ಅಲ್ಲಾಡದೆ ನಿಂತಿತು. ಆ ಒಂದು ಗಳಿಗೆ ಅವನೂ ಅಲ್ಲಾಡದೆ ನಿಂತಿದ್ದ. ಹೆಂಡತಿ ಕನ್ನಡಿಯಲ್ಲಿ ಅದನ್ನು ನೋಡಿ, ಸದ್ಯ, ಈ ಹುಚ್ಚಿನಿಂದಾದರೂ ಮನುಷ್ಯ ಸರಿಹೋಗಲಿ ಎಂದುಕೊಂಡಳು.

ಅಭ್ಯಾಸ ಮಾಡಿದ್ದು ಮಾತ್ರ ಸಲೂನಿನಲ್ಲೇ. ವಿಮಾನವನ್ನು ಕನ್ನಡಿಯ ಮುಂದಿನ ಹಲಗೆಯ ಮೇಲಿಟ್ಟು, ತಾನು ದೊಡ್ಡ ಕುರ್ಚಿಯಲ್ಲಿ ಕೂತು ರಿಮೋಟಿನ ಕಡ್ಡಿ ಆಡಿಸುತ್ತಿದ್ದ. ಕಡ್ಡಿಯನ್ನು ಎಡಕ್ಕೆ ತಳ್ಳಿದರೆ ಬಾಲದ ಪಟ್ಟಿ ಎಡಕ್ಕೆ. ಕನ್ನಡಿಯಲ್ಲಿ ಎದುರುಮುಖವಾಗಿ ಕಾಣುವ ವಿಮಾನದಲ್ಲೂ ಎಡಕ್ಕೇ. ಮೊಬೈಲಿನವನು ನೋಡಿ ಹಣೆ ಚಚ್ಚಿಕೊಂಡ.

"ಅಣ್ಣ, ಕನ್ನಡಿ ಬಿಟ್ಟು ಕಲೀರಿ. ವಿಮಾನ ನಿಮ್ಮ ಕಡೆ ಮುಖ ಮಾಡ್ಕೊಂಡು ಬರುವಾಗ ಎಲ್ಲಾ ಉಲ್ಟಾ. ಅದರ ಎಡ ನಿಮ್ಮ ಬಲ."

"ಎದುರಿಗಿರೋ ಮುಖ ನೋಡ್ಕೊಂಡೇ ಹೊಟ್ಟೆ ಹೊರೆದವನು ನಾನು. ನನಗೆ ಹೇಳ್ಕೊಡ್ತೀಯಾ?"

"ನೀವು ನೋಡಿರೋದು ಕನ್ನಡಿಯೊಳಗಿನ ಮುಖ. ಆಕಾಶದಲ್ಲಿ ಕನ್ನಡಿ ಇರಲ್ಲ. ನಾನು ಅಕ್ಕನ ಮನೆಗೆ ಹೋಗಿ ಬರ್ತೀನಿ, ಅಲ್ಲಿವರೆಗೆ ಹಾರಿಸ್ಬೇಡಿ. ಗಾಳಿನೂ ಜಾಸ್ತಿ ಇದೆ."

ಯಾರು ಕಾಯುತ್ತಾರೆ! ಸಲೂನಿನ ರಜೆ ಬಂದ ಬೆಳಿಗ್ಗೆಯೇ ಬೆಣ್ಣೆಕೈ ಸ್ಕೂಟರ್ ಹೊರಗೆ ತೆಗೆದ. ವಿಮಾನ ಎಸೆಯಲು ಒಬ್ಬರು ಬೇಕಲ್ಲ, ಹೆಂಡತಿಯನ್ನೇ ಹೊರಡಿಸಿದ. ಅವಳು ಹಿಂದೆ ಕೂತು, ಮಗುವನ್ನು ಹಿಡಿದಂತೆ ವಿಮಾನವನ್ನು ಮಡಿಲಲ್ಲಿ ಹಿಡಿದುಕೊಂಡಳು. ನಾಲ್ಕು ರಸ್ತೆ ಸೇರುವಲ್ಲಿ ಬಲಗಡೆಯಿಂದ ಬಂದ ಸೈಕಲ್ಲಿನವನು ಕೂದಲೆಳೆಯಲ್ಲಿ ಪಾರಾದ.

"ಕಣ್ಣು ಎಲ್ಲಿಟ್ಕೊಂಡಿದೀರಾ?" ಎಂದು ಹೆಂಡತಿ ಚೀರಿದಳು.

"ಅವನೇ ನುಗ್ಗಿದ," ಎಂದ. ಬೆನ್ನು ಬೆವರಿ ಅಂಗಿ ಅಂಟಿಕೊಂಡಿತ್ತು.

ಬಯಲು ಮುಚ್ಚಿಹೋದ ಇಟ್ಟಿಗೆ ಕಾರ್ಖಾನೆಯ ಹಿಂದಿತ್ತು. ಎಡಕ್ಕೆ ಮುರುಕು ಇಟ್ಟಿಗೆಯ ಗುಡ್ಡೆಗಳು. ಬಲಕ್ಕೆ, ಒಂದು ಸಾಲು ಪೊದೆಗಳಾಚೆ, ಜನ ವಾಯುವಿಹಾರಕ್ಕೆ ಬರುವ ಕಾಲುದಾರಿ. ತಳ್ಳುಗಾಡಿಯಲ್ಲಿ ಕೂಸು ಮಲಗಿಸಿಕೊಂಡು ಒಬ್ಬಳು ತಾಯಿ ಅತ್ತ ಹೋಗುತ್ತಿದ್ದಳು. ಬೆಣ್ಣೆಕೈ ರಬ್ಬರ್ ಬ್ಯಾಂಡು ಬಿಗಿದು ರೆಕ್ಕೆ ಕೂಡಿಸಿದ, ಮೋಟಾರು ಗುರ್ರೆನ್ನಿಸಿದ. ಮುಂದಿನ ಫ್ಯಾನು ತಿರುಗಿದ ರಭಸಕ್ಕೆ ಹೆಂಡತಿ ಹೆದರಿ ಕೈ ದೂರ ಚಾಚಿದಳು.

"ಬೆರಳು ಹುಷಾರು. ಕೊಯ್ದುಬಿಡುತ್ತೆ. ಗಾಳಿಗೆ ಎದುರಾಗಿ, ನೇರವಾಗಿ ಎಸಿ."

"ಬಿದ್ರೆ ನನ್ನ ಮೇಲೆ ಹಾಕ್ಬೇಡಿ ಮತ್ತೆ," ಎಂದು ಎಸೆದಳು.

ವಿಮಾನ ಒಮ್ಮೆ ಹುಲ್ಲು ಮುಟ್ಟುವಷ್ಟು ಕುಸಿಯಿತು. ಆಮೇಲೆ ಅದು ಮೂತಿ ಎತ್ತಿ, ಒಂದು ಸಲ ಅತ್ತಿತ್ತ ಓಲಾಡಿ, ಏರಿತು. ಏರಿಯೇ ಏರಿತು! ಹೆಂಡತಿ ಎರಡೂ ಕೈ ಮೇಲೆತ್ತಿ, "ಅಯ್ಯೋ, ಹಾರ್ತಿದೆ ರೀ! ನಿಜವಾಗ್ಲೂ ಹಾರ್ತಿದೆ!" ಎಂದು ಕುಣಿದಳು. ಕಿತ್ತಳೆ ರೆಕ್ಕೆ ಅವನ ಕಣ್ಣಿನ ನಟ್ಟನಡುವೆ ಇತ್ತು. ಎಡಕ್ಕೆ ಅಂದರೆ ಎಡಕ್ಕೆ, ಬಲಕ್ಕೆ ಅಂದರೆ ಬಲಕ್ಕೆ. ಕಾಣುತ್ತಿದೆ, ಎಲ್ಲ ಕಾಣುತ್ತಿದೆ, ಬಟ್ಟಲೇ ಸುಳ್ಳು ಎಂದು ಅವನ ಎದೆ ಉಬ್ಬಿತು. ಇಷ್ಟು ದಿನ ಹೊತ್ತ ಭಾರ ಇಳಿದಂತಾಗಿ ಗಟ್ಟಿಯಾಗಿ ನಕ್ಕೂಬಿಟ್ಟ.

ಬಯಲಿನ ತುದಿಯಲ್ಲಿ ತಿರುಗಿಸಿದ. ಈಗ ವಿಮಾನ ಅವನ ಕಡೆ ಮುಖ ಮಾಡಿ ಬರತೊಡಗಿತು. ಗಾಳಿ ಒಂದು ರೆಕ್ಕೆಯನ್ನು ಎತ್ತಿ ಅದನ್ನು ಬಲಕ್ಕೆ ನೂಕಿತು. ಎಡಕ್ಕೆ ತರಬೇಕೆಂದು ಕಡ್ಡಿಯನ್ನು ಎಡಕ್ಕೆ ತಳ್ಳಿದ. ಅದು ಇನ್ನೂ ಬಲಕ್ಕೆ ವಾಲಿತು. ಇನ್ನಷ್ಟು ತಳ್ಳಿದ, ಇನ್ನಷ್ಟು ವಾಲಿತು. ಇಷ್ಟು ಕಾಲ ಕನ್ನಡಿಯಲ್ಲಿ ಪಳಗಿದ ಕೈ ಅದು, ಹೇಳಿದರೆ ಕೇಳಬೇಕಲ್ಲ! ಏನಾಗುತ್ತಿದೆ ಎಂದು ತಿಳಿಯದೆ ಅವನು ಅರೆಗಳಿಗೆ ರಿಮೋಟಿನ ಕಡೆ ನೋಡಿದ. ತಲೆ ಎತ್ತಿದಾಗ ಆಕಾಶದಲ್ಲಿ ವಿಮಾನವಿರಲಿಲ್ಲ.

ಮೋಡವಿತ್ತು, ಕಾರ್ಖಾನೆಯ ಚಿಮಣಿಯಿತ್ತು, ಒಂದು ಕಾಗೆ ಕೂಡ ಇತ್ತು. ಮೋಟಾರಿನ ಸದ್ದು ಎಲ್ಲಿಂದಲೋ ಬರುತ್ತಿತ್ತು, ಗಾಳಿ ಅದನ್ನು ಎತ್ತಲೆತ್ತಲೋ ಚೆಲ್ಲುತ್ತಿತ್ತು. ಅವನು ಹುಚ್ಚನಂತೆ ಮೇಲೆ, ಕೆಳಗೆ ಹುಡುಕಿದ.

"ಎಷ್ಟು ಚೆನ್ನಾಗಿ ಹೋಗ್ತಿದೆ ರೀ!" ಎಂದಳು ಹೆಂಡತಿ, ಅವನಿಗೆ ಕಾಣದ ಕಡೆ ನೋಡುತ್ತ. "ಸಾಕು ಸಾಕು, ತಿರುಗಿಸಿ ಇನ್ನು. ತುಂಬಾ ಕೆಳಗೆ ಬಂತು."

ಅವಳಿಗೆ ಏನೂ ಗೊತ್ತಾಗಿರಲಿಲ್ಲ. ಅದು ಅವನಿಗೆ ಥಟ್ಟನೆ ಹೊಳೆಯಿತು. ಬಾಯಿ ಮುಚ್ಚಿಕೊಂಡು ನಿಂತರೆ ಸಾಕು. ವಿಮಾನ ಎಲ್ಲಾದರೂ ಬಿದ್ದು ಚೂರಾಗುತ್ತದೆ. ಗಾಳಿ ಹೊಡೆಯಿತು ಎಂದರಾಯಿತು, ರಿಮೋಟು ಕೆಟ್ಟಿತು ಎಂದರಾಯಿತು. ದರ್ಜಿ ಅಲ್ಲಾಡಿದ, ಸೈಕಲ್ಲಿನವನು ನುಗ್ಗಿದ, ಇದೂ ಹಾಗೇ ಒಂದು. ನಾಳೆ ಬೆಳಿಗ್ಗೆ ದೊಡ್ಡ ಕುರ್ಚಿ ಅವನದೇ ಆಗಿರುತ್ತದೆ.

ಆದರೆ ಎಲ್ಲಿ ಬೀಳುತ್ತದೆ? ಬಲಕ್ಕೆ ವಾಲಿದ್ದು ಬಲಕ್ಕೇ ಹೋಗಿರಬೇಕು. ಬಲಕ್ಕೆ ಪೊದೆ, ಪೊದೆಯಾಚೆ ದಾರಿ, ದಾರಿಯಲ್ಲಿ ಆ ತಳ್ಳುಗಾಡಿ. ಮೂತಿಯಲ್ಲಿ ಕೊಯ್ಯುವ ಫ್ಯಾನು.

"ಎಲ್ಲಿದೆ?" ಎಂದ.

"ಏನು?"

"ವಿಮಾನ ಎಲ್ಲಿದೆಯೇ? ನನಗೆ ಕಾಣ್ತಿಲ್ಲ. ಬಲಗಡೆ ನನಗೆ ಏನೂ ಕಾಣಲ್ಲ, ಎಲ್ಲಿದೆ ಹೇಳೇ!"

ಅವಳು ತಿರುಗಿ ಅವನ ಮುಖ ನೋಡಿದಳು. ಓಡಿ ಬಂದು ಅವನ ಹಿಂದೆ ನಿಂತು, ಗಿರಾಕಿಯ ತಲೆಯನ್ನು ಹಿಡಿಯುವಂತೆ ಎರಡೂ ಕಿವಿಗಳ ಮೇಲೆ ಬೆರಳೂರಿ, ಅವನ ತಲೆಯನ್ನು ಬಲಕ್ಕೆ ತಿರುಗಿಸಿ, ಚೂರು ಕೆಳಗೆ ಬಾಗಿಸಿ ನಿಲ್ಲಿಸಿದಳು. ಎಲ್ಲೂ ಇಲ್ಲದಿದ್ದ ಕಿತ್ತಳೆ ರೆಕ್ಕೆ ಕಣ್ಣ ಮುಂದೆ ಬಂದು ನಿಂತಿತು. ಪೊದೆಯ ನೆತ್ತಿಯ ಮೇಲಿತ್ತು ಅದು, ತಳ್ಳುಗಾಡಿಯ ಕಡೆಗೇ ಹೊರಟಿತ್ತು.

ಬೆಣ್ಣೆಕೈ ಮೋಟಾರು ನಿಲ್ಲಿಸಿ ಮೂತಿಯನ್ನು ನೆಲಕ್ಕೆ ಬಾಗಿಸಿದ. ವಿಮಾನ ಪೊದೆಯ ಈಚೆಯೇ ಮೂಗು ಚಚ್ಚಿಕೊಂಡು ಬಿತ್ತು. ರೆಕ್ಕೆಯೊಂದು ಹಾರಿಹೋಗಿ ಮುಳ್ಳಿಗೆ ಸಿಕ್ಕಿಕೊಂಡಿತು. ತಾಯಿ ಒಮ್ಮೆ ಇತ್ತ ನೋಡಿ, ಏನೂ ಅರಿಯದೆ ಗಾಡಿ ತಳ್ಳುತ್ತ ಮುಂದೆ ಹೋದಳು.

ಹೆಂಡತಿ ಇನ್ನೂ ತಲೆ ಬಿಟ್ಟಿರಲಿಲ್ಲ. "ಯಾವಾಗಿಂದ?" ಎಂದು ಹಿಂದಿನಿಂದಲೇ ಕೇಳಿದಳು.

ಎಲ್ಲವನ್ನೂ ಹೇಳಿದ. ಹೆಬ್ಬೆರಳು, ಬಟ್ಟಲು, ಹನಿಯ ಸೀಸೆ. ಹೇಳುತ್ತ ಹೋದಂತೆ ಅವಳ ಬೆರಳು ಸಡಿಲವಾಗಿ ಕೈ ಕೆಳಗೆ ಬಿತ್ತು. ಎದುರಿಗೆ ಬಂದು ನಿಂತಾಗ ಅವಳ ಮುಖ ಕೆಂಡವಾಗಿತ್ತು.

"ನಿನ್ನೆ ಬೆಳಿಗ್ಗೆ ನಮ್ಮಪ್ಪನಿಗೆ ಗಡ್ಡ ಮಾಡಿದ್ದು ಯಾರು?"

"ನಾನೇ," ಎಂದ.

"ನಮ್ಮಪ್ಪನ ಕುತ್ತಿಗೆ ರೀ ಅದು! ಎಷ್ಟು ಜನರ ಕುತ್ತಿಗೆ! ನನ್ನ ಹತ್ರ ಒಂದು ಮಾತು ಹೇಳೋಕೆ ಏನು ದಾಡಿಯಾಗಿತ್ತು ನಿಮಗೆ? ಪಕ್ಕದಲ್ಲೇ ನಿಂತಿರ್ತೀನಿ ದಿನಾ."

"ಹೇಳಿದ್ರೆ ಕುರ್ಚಿ ಬಿಡ್ಬೇಕಾಗ್ತಿತ್ತು. ಈ ಕೈ ಬಿಟ್ರೆ ನನ್ನ ಹತ್ರ ಬೇರೆ ಏನಿದೆ ಹೇಳು."

ಅವಳ ಕಣ್ಣು ತುಂಬಿಕೊಂಡಿತು. ಆದರೂ ಕೋಪ ಇಳಿಯಲಿಲ್ಲ, ಅಂಗೈ ಚಾಚಿದಳು. "ಕೀ ಕೊಡಿ."

ಬರುವಾಗ ಸ್ಕೂಟರ್ ಅವಳು ಓಡಿಸಿದಳು. ಅವನು ಮೂತಿ ಮುರಿದ ವಿಮಾನವನ್ನು ಮಡಿಲಲ್ಲಿಟ್ಟುಕೊಂಡು ಹಿಂದೆ ಕೂತ. ದಾರಿಯುದ್ದಕ್ಕೂ ಅವಳು ತುಟಿ ಎರಡು ಮಾಡಲಿಲ್ಲ. ಮನೆಯಲ್ಲೂ ಅಷ್ಟೇ, ತಟ್ಟೆಯನ್ನು ಅವನ ಮುಂದೆ ಕುಕ್ಕಿದ ಸದ್ದೊಂದೇ ಮಾತು.

ಮರುದಿನ ಬೆಳಿಗ್ಗೆ ಸಲೂನಿನ ಬೆಂಚು ತುಂಬಿತ್ತು. ಮಾವನವರು ಕೋಲೂರಿಕೊಂಡು ಬಂದು ವಾಡಿಕೆಯಂತೆ ದೊಡ್ಡ ಕುರ್ಚಿಯಲ್ಲಿ ಕೂತು ತಲೆ ಹಿಂದಕ್ಕೆ ಒರಗಿಸಿದರು. ಬೆಣ್ಣೆಕೈ ಬಟ್ಟೆ ಹೊದಿಸಿದ, ನೊರೆ ಹಚ್ಚಿದ, ಕತ್ತಿ ಬಿಚ್ಚಿದ. ಕನ್ನಡಿಯಲ್ಲಿ ಹೆಂಡತಿ ತನ್ನ ಕೆಲಸ ನಿಲ್ಲಿಸಿ ಅವನನ್ನೇ ನೋಡುತ್ತಿದ್ದಳು. ಅಪ್ಪನಿಗೆ ಅವಳು ಏನೂ ಹೇಳಿರಲಿಲ್ಲ. ಹೇಳುವುದನ್ನು ಅವನಿಗೇ ಬಿಟ್ಟಿದ್ದಳು.

"ಮಾವ," ಎಂದ. ಇನ್ನೊಮ್ಮೆ ಬೆಂಚಿನವರಿಗೂ ಕೇಳುವಂತೆ ಹೇಳಿದ: "ಮಾವ, ನನಗೆ ಬಲಗಡೆ ಏನೂ ಕಾಣಲ್ಲ. ಇನ್ನು ನಾನು ಕತ್ತಿ ಹಿಡಿಯಲ್ಲ."

ಮಾವನವರು ಕನ್ನಡಿಯಲ್ಲಿ ಅಳಿಯನ ಮುಖವನ್ನು ನೋಡಿದರು. ಆ ಮುಖವನ್ನು ಅವರು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲಿರಬೇಕು.

"ಅವಳಿಗೆ ಕೊಡು," ಎಂದರು ಕೊನೆಗೆ. "ನೀನು ಎಲ್ಲಿಗೂ ಹೋಗ್ಬೇಡ. ಇಲ್ಲೇ ನಿಂತ್ಕೋ."

ಬೆಣ್ಣೆಕೈ ಹಿಡಿಯನ್ನು ಅವಳ ಕಡೆ ಮಾಡಿ ಕತ್ತಿ ಕೊಟ್ಟ. ಅದು ಅವನ ಕೈಬಿಟ್ಟು ಹೋದಾಗ ನೋವಾಯಿತು, ತುಂಬ ನೋವಾಯಿತು. ಪೊರಕೆ ಮೂಲೆಯಲ್ಲೇ ಇತ್ತು. ಅವನು ಅತ್ತ ಹೋಗಲಿಲ್ಲ. ಹೆಂಡತಿ ಅಪ್ಪನ ಕೆನ್ನೆ ಹಿಗ್ಗಿಸಿ ಮೊದಲ ಗೆರೆ ಎಳೆದಳು. ಮಾವನವರ ಹುಬ್ಬು ಗಂಟಿಕ್ಕಿತು.

"ಕತ್ತಿ ಸ್ವಲ್ಪ ಮಲಗಿಸು," ಎಂದ ಬೆಣ್ಣೆಕೈ.

"ನನಗೆ ಗೊತ್ತು, ಸುಮ್ನಿರ್ರೀ," ಎಂದಳು ಅವಳು, ನಿನ್ನೆಯಿಂದ ಅವನ ಜೊತೆ ಆಡಿದ ಮೊದಲ ಮಾತು, ಮತ್ತು ಕತ್ತಿಯನ್ನು ಸ್ವಲ್ಪ ಮಲಗಿಸಿದಳು.